ಕೀಲಿ ಅಪ್ಪನ ಕೈಯಲ್ಲಿ, ಪಾನಾ ಮಗನ ಕೈಯಲ್ಲಿ

ಬಿ.ಎಡ್. ಎರಡನೇ ವರ್ಷದ ಶಾಲಾ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಗುತ್ತಲದ ಒಂದು ಪ್ರೌಢಶಾಲೆ. ಮೂರನೇ ವಾರದಲ್ಲಿ ಹತ್ತನೇ ತರಗತಿಯ ವಿಜ್ಞಾನ ನೋಟ್ಸ್ ತಿದ್ದುತ್ತಿದ್ದೆ. ಒಬ್ಬ ಹುಡುಗನ ನೋಟ್‌ಬುಕ್ಕಿನಲ್ಲಿ ಎರಡು ಪಾಠ ಖಾಲಿ ಇದ್ದವು. ಆದರೆ ಕೊನೆಯ ಪುಟದಲ್ಲಿ ಮಾತ್ರ ಮೂರು ಸಾಲು ಅಚ್ಚುಕಟ್ಟಾಗಿ ಬರೆದಿದ್ದ: ‘800 ಬಿಳಿ – 26. ಓಮ್ನಿ – 30. 800 ನೀಲಿ, ಸ್ಟಾರ್ಟ್ ಇಲ್ಲ – 19.’

ಹಳೆಯ ಕಾರುಗಳ ಬೆಲೆ ಅದು, ಸಾವಿರಗಳಲ್ಲಿ. ಎಲ್ಲರ ಮುಂದೆ ಗದರಿಸಿದೆ. “ಪರೀಕ್ಷೆ ಮುಂದ ಬಂತು, ನಿನಗ ಕಾರಿನ ಚಿಂತಿ ಏನೋ?” ಅವನು ತಲೆ ತಗ್ಗಿಸಿ, “ಅಪ್ಪಾರು ಹೂಂ ಅಂದಾರ್ರಿ ಸರ್” ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಆ ನಗು ತಪ್ಪಾಗಿತ್ತು ಎಂಬುದೇ ಈ ಬರಹಕ್ಕೆ ಕಾರಣ.

ಹದಿನೈದರ ಹುಡುಗನಿಗೆ ಕಾರು ಕೊಡಿಸುವ ತಂದೆ ಬೇಜವಾಬ್ದಾರಿ ಮನುಷ್ಯ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಪಾಲಕರ ಸಭೆಯ ದಿನ ಅವರನ್ನು ಭೇಟಿಯಾದೆ. ನಾಲ್ಕು ಎಕರೆ ಹೊಲ, ಗೋವಿನಜೋಳ, ಬಿಡುವಿನಲ್ಲಿ ಬಾಡಿಗೆ ಟ್ರ್ಯಾಕ್ಟರ್ ಓಡಿಸುವ ಕೆಲಸ. ಅವರು ಹೇಳಿದ್ದು ಇಷ್ಟು: “ನಾ ಬ್ಯಾಡ ಅಂದ್ರ ಸಾಲಿ ತಪ್ಪಿಸಿ ಗ್ಯಾರೇಜಿಗೆ ಹೊಕ್ಕಾನ್ರಿ. ಹೂಂ ಅಂದ್ರ ನನ್ನ ಅಂಗಳದಾಗ ಇರ್ತಾನ. ಬಿಚ್ಚಲಿ, ಕೂಡಿಸಲಿ. ಆದ್ರ ಹದಿನೆಂಟು ತುಂಬೂತನಾ ರಸ್ತೆದಾಗ ಓಡಿಸೂದಿಲ್ಲ. ಕೀಲಿ ನನ್ನ ಕಡೆ.” ಒಟ್ಟು ಖರ್ಚು 30 ಸಾವಿರ ದಾಟಬಾರದು, ಶಾಲೆಗೆ ಒಂದು ದಿನವೂ ತಪ್ಪಿಸಬಾರದು ಎಂಬುದು ಅವರ ಉಳಿದೆರಡು ಷರತ್ತು.

ನಾನು ಬರೆಯುವ ಪಾಠಯೋಜನೆಯಲ್ಲೂ ಉದ್ದೇಶ, ಮಿತಿ, ಮೌಲ್ಯಮಾಪನ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಅವರ ಮೊದಲ ಷರತ್ತು ಸರಿಯಾದದ್ದೇ. ಕಾರು ಓಡಿಸಲು 18 ವರ್ಷ ತುಂಬಿರಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು. ವಾಹನದ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. ಇದನ್ನು ನಾನು ಹುಡುಗನಿಗೆ ಹೇಳಿದಾಗ ಅವನಿಗೆ ಮುಟ್ಟಿದ್ದು ದಂಡವಲ್ಲ, ಕೊನೆಯ ಮಾತು. ಡ್ರೈವರ್ ಆಗಬೇಕೆಂಬ ಆಸೆ ಅವನದು.

ಒಂದು ಭಾನುವಾರ ಕಾರು ನೋಡಲು ನನ್ನನ್ನೂ ಕರೆದರು, ಹೋದೆ. ಬಿಳಿ 800 ಹೊಸ ಬಣ್ಣದಲ್ಲಿ ಮಿಂಚುತ್ತಿತ್ತು. ಕೀಲಿ ತಿರುಗಿಸಿದೊಡನೆ ಚಾಲೂ ಆಯಿತು. ಹುಡುಗನ ಮುಖ ಅರಳಿತು. ತಂದೆ ಮಾತಾಡದೆ ಬಾಗಿಲಿನ ಕೆಳಗೆ, ಚಕ್ರದ ಮೇಲ್ಭಾಗದಲ್ಲಿ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು. ಹಾವೇರಿಯ ದನದ ಸಂತೆಯಲ್ಲಿ ಎತ್ತು ನೋಡಿ ಪಳಗಿದವರು ಅವರು. ಒಂದು ಕಡೆ ಸದ್ದು ಮಂದವಾಯಿತು. ನನ್ನ ಕಿಸೆಯಲ್ಲಿ ಹಿಂದಿನ ದಿನದ ಪಾಠದ ದಂಡಕಾಂತ ಉಳಿದಿತ್ತು. ಅರಿವೆಯಲ್ಲಿ ಸುತ್ತಿ ಅಲ್ಲಿ ಹಿಡಿದರೆ ಅಂಟಲೇ ಇಲ್ಲ. ಒಳಗಿನ ತಗಡು ತುಕ್ಕು ತಿಂದು ಹೋಗಿತ್ತು, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಅಗ್ಗದಾಸೆಗೆ ಮುಗ್ಗು ಜೋಳ ಕೊಂಡರು ಎಂಬ ಗಾದೆಯನ್ನು ತಂದೆ ಮಗನಿಗೆ ಹೇಳುವ ಅಗತ್ಯವೇ ಬೀಳಲಿಲ್ಲ.

ಆ ಹೊತ್ತಿಗೆ ಹುಡುಗ ಆಯಿಲ್ ನೋಡುವ ಕಡ್ಡಿ ಎಳೆದಿದ್ದ. “ಸರ್, ಹಾಲು ಹಾಕಿದ ಚಹಾದಂಗ ಐತಿ ನೋಡ್ರಿ. ಹೆಡ್ ಗ್ಯಾಸ್ಕೆಟ್ ಹೋಗಿರ್ಬೇಕು, ನೀರು ಆಯಿಲ್‌ಗೆ ಸೇರಾಕತ್ತೈತಿ” ಎಂದ. ಮೂರು ವರ್ಷ ಭೌತಶಾಸ್ತ್ರ ಓದಿದ ನನಗೆ ಈ ವಿಷಯ ಗೊತ್ತಿರಲಿಲ್ಲ. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಒಂದು ಪ್ರಶ್ನೆಗೂ ಕೈ ಎತ್ತದ ಹುಡುಗ, ಇಲ್ಲಿ ಲಕ್ಷಣ ನೋಡಿ ಕಾರಣ ಊಹಿಸುತ್ತಿದ್ದ. ಇದನ್ನೇ ಅಲ್ಲವೇ ನಾವು ವೈಜ್ಞಾನಿಕ ವಿಧಾನ ಎಂದು ಕಪ್ಪು ಹಲಗೆಯ ಮೇಲೆ ಬರೆಯುವುದು?

ಓಮ್ನಿಗೆ ಗ್ಯಾಸ್ ಕಿಟ್ ಇತ್ತು, ಆರ್‌ಸಿಯಲ್ಲಿ ಅದರ ನಮೂದೇ ಇರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು. ನೀಲಿ 800 ಚಾಲೂ ಆಗುತ್ತಿರಲಿಲ್ಲ, ಬಣ್ಣ ಮಾಸಿತ್ತು. ಆದರೆ ತಟ್ಟಿದಲ್ಲೆಲ್ಲ ಗಟ್ಟಿ ಸದ್ದು. ಕಾರ್ಬೊರೇಟರ್ ಇದ್ದ ಹಳೆಯ ಮಾದರಿ, ಕೈಯಿಂದಲೇ ಬಿಚ್ಚಿ ತೊಳೆಯಬಹುದು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರವರೆಗೆ ತಯಾರಾದ ಕಾರಾದ್ದರಿಂದ ಅದರ ಬಿಡಿಭಾಗ ಹಾವೇರಿ, ರಾಣೆಬೆನ್ನೂರಿನಲ್ಲಿ ಹುಡುಕಿದರೆ ಸಿಗುತ್ತವೆ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಕಲಿಯುವವನಿಗೆ ತೀರ ಜಟಿಲವೂ ಅಲ್ಲ.

ಇನ್ನು ಕಾಗದಪತ್ರ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ಬಿಳಿ ಕಾರಿನ ನೋಂದಣಿ ಮುಗಿದು ಎರಡು ವರ್ಷವಾಗಿತ್ತು. ನೀಲಿಯದು ಇನ್ನೂ ಮೂರು ವರ್ಷ ಇತ್ತು. ಹುಡುಗ ಅದೇ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ಲೆಕ್ಕ ಹಾಕಿದ. ಬಿಳಿ 26ರ ಜೊತೆ 10, ತಡವಾದದ್ದಕ್ಕೆ ದಂಡ, ಗ್ಯಾಸ್ಕೆಟ್ ಕೆಲಸ, ತಗಡು. ನೀಲಿ 19ರ ಜೊತೆ ಬ್ಯಾಟರಿ, ಕಾರ್ಬೊರೇಟರ್ ಕಿಟ್, ಎರಡು ಟೈರು. ತಾನೇ ಹೇಳಿದ: “ನೀಲಿದ ಇರ್ಲಿ ಅಪ್ಪಾ.” ಫಾರಂ 29, 30ಕ್ಕೆ ಮಾರುವವರ ಸಹಿ ಮೊದಲೇ ತೆಗೆದುಕೊಳ್ಳಿ ಎಂದಷ್ಟೇ ನಾನು ಸೇರಿಸಿದೆ.

ಶಾಲೆಗೆ ಮರಳಿದ ಮೇಲೆ ನನ್ನ ಪಾಠ ಸ್ವಲ್ಪ ಬದಲಾಯಿತು. ಸಂಕ್ಷಾರಣಕ್ಕೆ ನಾನು ತುಕ್ಕು ಹಿಡಿದ ಮೊಳೆ ತೋರಿಸುವುದೆಂದು ಬರೆದುಕೊಂಡಿದ್ದೆ. ಅವನು ಕಾರಿನ ಕೆಳಗಿನಿಂದ ಕೆರೆದ ತಗಡಿನ ಚೂರು ತಂದ. ಮಳೆಗಾಲದ ಕೆಸರು ಎಲ್ಲಿ ನಿಲ್ಲುತ್ತದೋ ಅಲ್ಲೇ ಏಕೆ ತುಕ್ಕು ಹೆಚ್ಚು ಎಂಬ ಪ್ರಶ್ನೆ ತರಗತಿಯಿಂದಲೇ ಬಂತು. ವಿದ್ಯುತ್ ಪಾಠದಲ್ಲಿ 12 ವೋಲ್ಟ್ ಬ್ಯಾಟರಿ, 60 ವ್ಯಾಟಿನ ಎರಡು ಹೆಡ್‌ಲೈಟು. ಒಂದಕ್ಕೆ 5 ಆಂಪಿಯರ್, ಎರಡಕ್ಕೆ 10. ಹಾಗಾದರೆ ಎರಡಕ್ಕೂ ಸೇರಿ ಒಂದೇ 10 ಆಂಪಿಯರ್ ಫ್ಯೂಸ್ ಹಾಕಿದರೆ ಸಾಕೇ? ವಾದ ಗಂಟೆ ಹೊಡೆದ ಮೇಲೂ ಮುಂದುವರಿಯಿತು.

ಇದನ್ನು ಗೆಲುವಿನ ಕಥೆ ಮಾಡಲು ನನಗೆ ಇಷ್ಟವಿಲ್ಲ. ವಿಜ್ಞಾನದ ಕಿರುಪರೀಕ್ಷೆಯಲ್ಲಿ ಅವನ ಅಂಕ ತುಸು ಏರಿತು, ಇಂಗ್ಲಿಷಿನಲ್ಲಿ ಇದ್ದಲ್ಲೇ ಇದೆ. ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಇದು ಬೇಕಿತ್ತೇ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದ್ದು ನ್ಯಾಯವಾಗಿಯೇ ಇದೆ. 30 ಸಾವಿರ ಎಲ್ಲ ಮನೆಗಳಲ್ಲಿ ಇರುವುದಿಲ್ಲ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಎರಡನೇ ಬೆಂಚಿನ ಹುಡುಗಿ, ಫ್ಯೂಸಿನ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟವಳು, ಕೇಳಿದ ಮಾತು: “ನಾ ಕೇಳಿದ್ರ ನಮ್ಮಪ್ಪಾರು ಹೂಂ ಅಂತಿದ್ರೇನ್ರಿ ಸರ್?” ನನ್ನ ಬಳಿ ಉತ್ತರ ಇರಲಿಲ್ಲ.

ಆದ್ದರಿಂದಲೇ ನನ್ನ ವಾದ ಹೀಗಿದೆ. ತಂದೆಯ ಒಪ್ಪಿಗೆ ಒಬ್ಬ ಮಗನಿಗೆ ಸಿಗುತ್ತದೆ. ಶಾಲೆಯ ಒಪ್ಪಿಗೆ ಮಾತ್ರ ಎಲ್ಲರಿಗೂ, ಆ ಹುಡುಗಿಗೂ, ಸಿಗಬಲ್ಲದು. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯುಎಫ್ ಅಡಿ ಆಟೊಮೊಬೈಲ್ ವಿಷಯವೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಬ್ಯಾಗಿಲ್ಲದ ಹತ್ತು ದಿನ, ಸ್ಥಳೀಯ ಕುಶಲಕರ್ಮಿಗಳ ಜೊತೆ ಕಲಿಕೆ ಎನ್ನುತ್ತದೆ. ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇವೆ. ಕೊರತೆ ಇರುವುದು ನೀತಿಯಲ್ಲಲ್ಲ, ನಮ್ಮ ರೂಢಿಯಲ್ಲಿ.

ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರ ನಾವು ಶಾಲೆಗಳಲ್ಲಿ ಇರುತ್ತೇವೆ. ಅದರಲ್ಲಿ ಒಂದೆರಡು ದಿನ ಮಕ್ಕಳ ಮನೆಗೆ, ಹೊಲಕ್ಕೆ, ಗ್ಯಾರೇಜಿಗೆ ಹೋಗುವುದನ್ನು ಇಂಟರ್ನ್‌ಶಿಪ್ ದಾಖಲೆಯ ಭಾಗ ಮಾಡಬೇಕೆಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ. ಪಾಠ ವೀಕ್ಷಣೆಯ ನಮೂನೆಯಲ್ಲಿ ‘ಈ ಪಾಠದ ಬಗ್ಗೆ ಮಗುವಿಗೆ ಮೊದಲೇ ಏನು ಗೊತ್ತಿತ್ತು, ಅದನ್ನು ಪ್ರಶಿಕ್ಷಣಾರ್ಥಿ ಹೇಗೆ ತಿಳಿದುಕೊಂಡರು’ ಎಂಬ ಒಂದು ಕಾಲಂ ಸೇರಿದರೂ ಸಾಕು. ಆ ಕಾಲಂ ಇದ್ದಿದ್ದರೆ ನಾನು ಅವತ್ತು ನಗುತ್ತಿರಲಿಲ್ಲ, ನೋಟ್‌ಬುಕ್ಕಿನ ಕೊನೆಯ ಪುಟವನ್ನು ಓದುತ್ತಿದ್ದೆ.

ನಾನು ಗುತ್ತಲ ಬಿಡುವ ವಾರಕ್ಕೆ ನೀಲಿ ಕಾರು ಇನ್ನೂ ಚಾಲೂ ಆಗಿರಲಿಲ್ಲ. ಕಾರ್ಬೊರೇಟರ್ ಅಂಗಳದಲ್ಲಿ ಹಳೆ ಪೇಪರಿನ ಮೇಲೆ ಬಿಡಿಬಿಡಿಯಾಗಿ ಹರಡಿತ್ತು, ಪಕ್ಕದಲ್ಲಿ ವಿಜ್ಞಾನದ ನೋಟ್‌ಬುಕ್ ಇತ್ತು. ಖಾಲಿ ಇದ್ದ ಎರಡು ಪಾಠಗಳಲ್ಲಿ ಒಂದನ್ನು ಬರೆದು ಮುಗಿಸಿದ್ದ. ಇನ್ನೊಂದು ಬಾಕಿ ಇತ್ತು.