ತುರಹಳ್ಳಿಯಲ್ಲಿ ಗೆದ್ದೆವು, ಕಾನೂನಿನಲ್ಲಿ?

ಮೊನ್ನೆ ಭಾನುವಾರ ಬೆಳಿಗ್ಗೆ ತುರಹಳ್ಳಿ ಕಾಡಿಗೆ ಹೋಗಿದ್ದೆ. ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಆಸುಪಾಸಿನಲ್ಲಿ ಹೇಗೋ ಉಳಿದುಕೊಂಡಿರುವ ಕುರುಚಲು ಕಾಡು. ನಾನು ನಡೆದದ್ದು ಚಿಕ್ಕ ಕಾಲುದಾರಿ, ಅರ್ಧ ಗಂಟೆಯೂ ಹಿಡಿಯಲಿಲ್ಲ. ಮಣ್ಣು, ಕಲ್ಲು, ಪೊದೆ, ಎಲ್ಲೋ ಒಳಗಿಂದ ನವಿಲಿನ ಕೂಗು. ಬಂಡೆ ಹತ್ತಿ ನಿಂತರೆ ಕಾಡಿನಾಚೆ ಬರೀ ಅಪಾರ್ಟ್‌ಮೆಂಟು.

ದಾರಿಯಲ್ಲಿ ಸಿಕ್ಕ ಹಿರಿಯರೊಬ್ಬರು, ‘ಸರ್ಕಾರದವ್ರು ಇಲ್ಲೊಂದು ಒಳ್ಳೆ ಪಾರ್ಕ್ ಮಾಡಬಾರ್ದೇನಪ್ಪಾ?’ ಅಂದರು. ಅವರಿಗೆ ಮಂಡಿನೋವು, ಸಮತಟ್ಟಾದ ದಾರಿ ಬೇಕು. ನ್ಯಾಯವಾದ ಬೇಡಿಕೆಯೇ. ಆದರೆ ಅದನ್ನು ಈಡೇರಿಸಬೇಕಾದ್ದು ಅವರ ಬಡಾವಣೆಯ ಪಾರ್ಕು, ಫುಟ್‌ಪಾತು. ಅಲ್ಲಿ ಜಾಗ ಬಿಡದ ನಗರ, ಈಗ ಕಾಡನ್ನೇ ‘ಖಾಲಿ ಜಾಗ’ ಅಂತ ನೋಡುತ್ತಿದೆ.

2021ರಲ್ಲಿ ಆಗಿದ್ದೂ ಇದೇ. ಇಲ್ಲಿ ಟ್ರೀ ಪಾರ್ಕ್ ಮಾಡಲು ಅರಣ್ಯ ಇಲಾಖೆ ಹೊರಟಾಗ ಸುತ್ತಲಿನ ನಿವಾಸಿಗಳು, ಪರಿಸರ ಕಾರ್ಯಕರ್ತರು ಬೀದಿಗಿಳಿದರು. ಇರುವ ಕಾಡನ್ನು ಸವರಿ ‘ವೃಕ್ಷೋದ್ಯಾನ’ ಮಾಡೋದು ಎಂಥ ಲಾಜಿಕ್ಕು ಅಂತ ಕೇಳಿದರು. ಸರ್ಕಾರ ಹಿಂದೆ ಸರಿಯಿತು. ನಾವೂ ಗೆದ್ದೆವು ಅಂದುಕೊಂಡು ಮುಂದಿನ ಹ್ಯಾಷ್‌ಟ್ಯಾಗಿಗೆ ಹೋದೆವು.

ಆಮೇಲೆ ಆಟದ ನಿಯಮವೇ ಬದಲಾಯಿತು. ಕಾಡನ್ನು ‘ಅರಣ್ಯೇತರ ಉದ್ದೇಶ’ಕ್ಕೆ ಬಳಸಲು ಕೇಂದ್ರದ ಪೂರ್ವಾನುಮತಿ ಬೇಕು ಅನ್ನುವುದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಜೀವಾಳ. 2023ರ ತಿದ್ದುಪಡಿ ಈ ಪದದ ವ್ಯಾಖ್ಯಾನಕ್ಕೇ ಕೈ ಹಾಕಿತು. ಸಂರಕ್ಷಿತ ಪ್ರದೇಶಗಳ ಹೊರಗಿನ ಕಾಡಿನಲ್ಲಿ ಸರ್ಕಾರಿ ಮೃಗಾಲಯ, ಸಫಾರಿ ಈಗ ಅರಣ್ಯೇತರ ಅಲ್ಲ. ಇಲಾಖೆಯ ಕಾರ್ಯಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮ ಸೌಲಭ್ಯಗಳೂ ಅಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿ, ಮೃಗಾಲಯ, ಸಫಾರಿಗಳಿಗೆ ತನ್ನ ಒಪ್ಪಿಗೆ ಬೇಕು ಅಂದಿತು. 1996ರ ಗೋದಾವರ್ಮನ್ ತೀರ್ಪಿನಂತೆ ‘ಕಾಡು’ ಪದಕ್ಕೆ ನಿಘಂಟಿನ ಅರ್ಥವನ್ನೇ ಪಾಲಿಸಿ ಅಂತಲೂ ಹೇಳಿತು.

ಇದರರ್ಥ, ನಮ್ಮ ಜಗಳದ ಜಾಗ ಬದಲಾಗಿದೆ. ಜೆಸಿಬಿ ಬಂದ ದಿನ ಪ್ಲಕಾರ್ಡ್ ಹಿಡಿದರೆ ತಡವಾಗಿರುತ್ತೆ. ನಿರ್ಧಾರ ಆಗೋದು ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ಬರೆಯುವ ಆ ಕಾರ್ಯಯೋಜನೆಯ ಪುಟಗಳಲ್ಲಿ. ಅದರ ಕರಡು ಕನ್ನಡದಲ್ಲಿ ಬರಬೇಕು, ಅಂತಿಮವಾಗುವ ಮೊದಲೇ ಸಾರ್ವಜನಿಕರ ಮುಂದೆ ಇರಬೇಕು. ನಾವು ಕೇಳಬೇಕಾದ್ದು ಇದನ್ನು.

ತುರಹಳ್ಳಿಗೆ ಹೋಗಿ, ಖಂಡಿತ ಹೋಗಿ. ಕಾಲುದಾರಿ ಬಿಟ್ಟು ಪೊದೆಯೊಳಗೆ ನುಗ್ಗಬೇಡಿ, ಕಸ ಬಿಸಾಡಬೇಡಿ. ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ ಮಾಡಿ: ನಮ್ಮ ಈ ಕಾಡಿನ ಬಗ್ಗೆ ಕಾರ್ಯಯೋಜನೆಯಲ್ಲಿ ಏನು ಬರೆದಿದೆ ಅಂತ ಆರ್‌ಟಿಐ ಹಾಕಿ. ಅರ್ಜಿ ಶುಲ್ಕ 10 ರೂಪಾಯಿ.