ಅಂಕಿ ನಾದವಾಗುವ ಬಗೆ

ಮೊಬೈಲ್ ಫೋನಿನೊಳಗೆ ಹಾಡು ಇರುವುದಿಲ್ಲ. ಇರುವುದು ಬರೀ ಅಂಕಿಗಳು! ಗಾಯಕಿಯ ದನಿ ಮೈಕಿನಲ್ಲಿ ವಿದ್ಯುತ್ತಿನ ಏರಿಳಿತವಾಗುತ್ತದೆ. ಆ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ ಒಂದೊಂದು ಸಂಖ್ಯೆಯಾಗಿ ಬರೆದಿಟ್ಟರೆ ಅದೇ ಡಿಜಿಟಲ್ ಧ್ವನಿಮುದ್ರಣ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸೇರಿ 1980ರಲ್ಲಿ ಗೊತ್ತುಮಾಡಿದ ಸಿ.ಡಿ. ತಟ್ಟೆಯ ಅಳತೆ ಇದು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಿತು.

44,100 ಎಂಬ ಸಂಖ್ಯೆಗೆ ಕಾರಣವುಂಟು. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಾಂಕಗಳನ್ನು ಕೇಳಬಲ್ಲದು. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ. ಒಂದು ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಲು ಅದರ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕು. 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ಬುನಾದಿ ಹಾಕಿದ ಈ ತತ್ತ್ವವನ್ನು 1949ರಲ್ಲಿ ಕ್ಲಾಡ್ ಶಾನನ್ ಗಣಿತದ ಮೂಲಕ ಸ್ಪಷ್ಟಪಡಿಸಿದರು. 20,000ದ ಎರಡರಷ್ಟು 40,000. ಅದರ ಮೇಲೆ ಸ್ವಲ್ಪ ಅವಕಾಶ ಬಿಟ್ಟಾಗ 44,100.

ಒಂದೊಂದು ಸಂಖ್ಯೆಗೂ 16 ಬಿಟ್‌ಗಳ ಜಾಗ. ಅಂದರೆ ದನಿಯ ಮಟ್ಟವನ್ನು 65,536 ಮೆಟ್ಟಿಲುಗಳಲ್ಲಿ ಗುರುತಿಸಬಹುದು. ಪ್ರತಿ ಬಿಟ್‌ಗೆ ಸುಮಾರು 6 ಡೆಸಿಬೆಲ್‌ನಂತೆ, ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ಸದ್ದಿನ ನಡುವೆ 96 ಡೆಸಿಬೆಲ್ ಅಂತರ ದೊರೆಯುತ್ತದೆ. ಎಡ ಬಲ ಎರಡೂ ಕಿವಿಗೆ ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳಾದವು. ವಿದ್ಯಾರ್ಥಿಗಳು ಗುಣಿಸಿ ನೋಡಬಹುದು.

ಈ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಏರಿಳಿತವಾಗಿಸುವ ಚಿಪ್ಪಿಗೆ ‘ಡಿಜಿಟಲ್-ಅನಲಾಗ್ ಪರಿವರ್ತಕ’ ಎಂದು ಹೆಸರು. ಅಂಗಡಿಯವರ ಮಾತಿನಲ್ಲಿ ‘ಡ್ಯಾಕ್’. ಸ್ಪೀಕರ್ ಇರುವ ಪ್ರತಿಯೊಂದು ಫೋನಿನಲ್ಲಿಯೂ ಇದು ಇದ್ದೇ ಇದೆ. ಹಾಗಿದ್ದರೆ ಹೊರಗೊಂದು ಏಕೆ? 2016ರಲ್ಲಿ ಐಫೋನ್ 7ರಿಂದ ಇಯರ್‌ಫೋನ್ ಸಿಕ್ಕಿಸುವ ದುಂಡನೆಯ ತೂತು ಮಾಯವಾಯಿತು. ಬೇರೆ ಅನೇಕ ಫೋನುಗಳೂ ಅದೇ ದಾರಿ ಹಿಡಿದವು. ಉಳಿದದ್ದು ಚಾರ್ಜ್ ಮಾಡುವ ತೂತೊಂದೇ. ಅದಕ್ಕೆ ಸಿಕ್ಕಿಸುವ ಬೆರಳುದ್ದದ ಸಾಧನದಲ್ಲಿ ಪರಿವರ್ತಕವೂ ಸಣ್ಣ ಆಂಪ್ಲಿಫೈಯರೂ ಇರುತ್ತವೆ. ಅಂಕಿಗಳು ತಂತಿಯಲ್ಲಿ ಹೊರಬಂದು, ಹಾಡಾಗುವುದು ಅಲ್ಲಿ.

ಇದರ ಬೆಲೆ ಕೆಲವು ನೂರು ರೂಪಾಯಿಗಳಿಂದ ಹತ್ತಾರು ಸಾವಿರದವರೆಗೂ ಇದೆ. ಮಗ ಅಥವಾ ಮಗಳು ‘ಇದು ಬೇಕೇ ಬೇಕು’ ಎಂದಾಗ ತಂದೆ ತಾಯಿ ಏನು ಮಾಡಬೇಕು? ಮೊದಲು ಮೂರು ಪ್ರಶ್ನೆ ಕೇಳಬೇಕು.

ಒಂದು, ಹಾಡು ಯಾವ ರೂಪದಲ್ಲಿದೆ? 128 ಕಿಲೋಬಿಟ್‌ನ ಎಂ.ಪಿ.3 ಕಡತದಲ್ಲಿ ಸಿ.ಡಿ.ಯ ಹನ್ನೊಂದನೆಯ ಒಂದು ಪಾಲು ಬಿಟ್‌ಗಳು ಮಾತ್ರ ಉಳಿದಿರುತ್ತವೆ. ಕಿವಿ ಗಮನಿಸಲಾರದೆಂದು ಲೆಕ್ಕ ಹಾಕಿ ಉಳಿದದ್ದನ್ನು ಬಿಟ್ಟಿರುತ್ತಾರೆ. ಬಿಟ್ಟದ್ದನ್ನು ಯಾವ ಪರಿವರ್ತಕವೂ ಮರಳಿ ತರಲಾರದು. ಹಿಂಡಿದ ಕಬ್ಬಿನ ಸಿಪ್ಪೆಯನ್ನು ಒಳ್ಳೆಯ ಗಾಣಕ್ಕೆ ಕೊಟ್ಟರೂ ಹಾಲು ಬಂದೀತೆ? ಏನನ್ನೂ ಕಳೆಯದೆ ಅಡಕಗೊಳಿಸುವ ‘ಫ್ಲ್ಯಾಕ್’ನಂಥ ರೂಪವೇ ಇದಕ್ಕೆ ತಕ್ಕುದು.

ಎರಡು, ಕೇಳುವುದು ಬ್ಲೂಟೂತ್‌ನಲ್ಲೋ ತಂತಿಯಲ್ಲೋ? ಬ್ಲೂಟೂತ್ ಇಯರ್‌ಫೋನಿನೊಳಗೇ ಅದರದೇ ಪರಿವರ್ತಕ ಇರುತ್ತದೆ. ಅಂಥವರಿಗೆ ಫೋನಿಗೆ ಸಿಕ್ಕಿಸುವ ಸಾಧನದಿಂದ ಉಪಯೋಗವಿಲ್ಲ.

ಮೂರು, ಇಯರ್‌ಫೋನ್ ಎಂಥದು? ದನಿಯ ಗುಣವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವುದು ಅದೇ. 16 ಅಥವಾ 32 ಓಮ್‌ನ ಸಾಧಾರಣ ಇಯರ್‌ಫೋನಿಗೆ ಸಣ್ಣ ಸಾಧನವೇ ಸಾಮಾನ್ಯವಾಗಿ ಸಾಕು. 300 ಓಮ್‌ನ ದೊಡ್ಡ ಹೆಡ್‌ಫೋನಿಗೆ ಹೆಚ್ಚು ವೋಲ್ಟೇಜ್ ಕೊಡುವ ಸಾಧನ ಬೇಕಾದೀತು.

ಕೊಳ್ಳುವಾಗ ಇನ್ನೊಂದು ಎಚ್ಚರಿಕೆ. ನೋಡಲು ಒಂದೇ ತರಹದ ಕೆಲವು ತಂತಿಗಳಲ್ಲಿ ಚಿಪ್ ಇರುವುದೇ ಇಲ್ಲ. ಅನೇಕ ಫೋನುಗಳಲ್ಲಿ ಅವು ಮೂಕವಾಗಿಯೇ ಉಳಿಯುತ್ತವೆ. ‘ಒಳಗೆ ಡ್ಯಾಕ್ ಇದೆಯೆ?’ ಎಂದು ಕೇಳಿಯೇ ಕೊಳ್ಳಬೇಕು.

ಜೋಡಿಸುವ ಕ್ರಮ ಸುಲಭ. ಮೊದಲು ಇಯರ್‌ಫೋನನ್ನು ಪರಿವರ್ತಕಕ್ಕೆ, ಆಮೇಲೆ ಪರಿವರ್ತಕವನ್ನು ಫೋನಿಗೆ ಸಿಕ್ಕಿಸಬೇಕು. ಸದ್ದನ್ನು ಪೂರ್ತಿ ತಗ್ಗಿಸಿ ಹಾಡು ಆರಂಭಿಸಿದ ನಂತರವೇ ಇಯರ್‌ಫೋನನ್ನು ಕಿವಿಗೆ ಹಾಕಿ, ಮೆಲ್ಲಗೆ ಏರಿಸಬೇಕು. ಏನೂ ಕೇಳಿಸದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಓ.ಟಿ.ಜಿ.’ ಎಂಬುದನ್ನು ಹುಡುಕಬೇಕು. ಕೆಲವು ಫೋನುಗಳಲ್ಲಿ ಅದನ್ನು ಕೈಯಾರೆ ತೆರೆಯಬೇಕಾಗುತ್ತದೆ. ಹಾಡಿನ ಆ್ಯಪ್‌ನಲ್ಲಿ ಅತ್ಯುತ್ತಮ ಗುಣಮಟ್ಟವನ್ನು ಆರಿಸಿ, ಈಕ್ವಲೈಜರ್ ಮುಂತಾದ ಅಲಂಕಾರಗಳನ್ನು ಆರಿಸಿಬಿಡಬೇಕು. ಪರಿವರ್ತಕ ಫೋನಿನ ಬ್ಯಾಟರಿಯಿಂದಲೇ ನಡೆಯುವುದಾದರೆ ಚಾರ್ಜ್ ಬೇಗ ಇಳಿಯುವುದು ಸಹಜ.

ಇಲ್ಲೊಂದು ಸೂಕ್ಷ್ಮವಿದೆ. ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಹಾಡನ್ನೂ ಸಂದೇಶ ಬಂದ ಸದ್ದನ್ನೂ ಬೆರೆಸಿ, ಎಲ್ಲವನ್ನೂ ಒಂದೇ ದರಕ್ಕೆ, ಹೆಚ್ಚಾಗಿ 48,000ಕ್ಕೆ, ಬದಲಿಸಿ ಹೊರಗೆ ಕಳಿಸುತ್ತವೆ. ಅಂಕಿಗಳನ್ನು ಇದ್ದಂತೆಯೇ ಕಳಿಸುವ ಏರ್ಪಾಡು 2023ರ ಆಂಡ್ರಾಯ್ಡ್ 14ರಲ್ಲಿ ಬಂದಿತು. ಆದರೆ ಫೋನೂ ಆ್ಯಪ್ ಕೂಡ ಅದನ್ನು ಬಳಸುವಂತಿರಬೇಕು.

ಹಾಗಾದರೆ 24 ಬಿಟ್, 96,000 ಅಥವಾ 1,92,000 ಎಂಬ ದೊಡ್ಡ ಸಂಖ್ಯೆಗಳಿಂದ ಲಾಭವೆಷ್ಟು? ಅಮೆರಿಕದ ಮೇಯರ್ ಮತ್ತು ಮೋರನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚು ವಿವರದ ಮುದ್ರಣವನ್ನೂ ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದನ್ನೂ ಯಾವುದು ಯಾವುದೆಂದು ತಿಳಿಸದೆ ಕೇಳಿಸಲಾಯಿತು. 554 ಸಲ ಕೇಳಿಸಿದಾಗ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು! 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ವ್ಯತ್ಯಾಸ ತಿಳಿಯುವುದುಂಟು, ಆದರೆ ತೀರಾ ಅಲ್ಪ ಎಂದು ಕಂಡಿತು. ತರಬೇತಿ ಪಡೆದ ಕಿವಿಗಳು ತುಸು ಮೇಲು.

ಮನೆಯಲ್ಲಿಯೂ ಈ ಪ್ರಯೋಗ ಮಾಡಬಹುದು. ಒಂದೇ ಹಾಡಿನ ಫ್ಲ್ಯಾಕ್ ಕಡತವನ್ನೂ, ಅದರಿಂದಲೇ ಮಾಡಿದ ಎಂ.ಪಿ.3 ಪ್ರತಿಯನ್ನೂ ಒಂದೇ ಪರಿವರ್ತಕದಲ್ಲಿ, ಒಂದೇ ಸದ್ದಿನಲ್ಲಿ ಕೇಳಿಸಬೇಕು. ಮಗ ಕಣ್ಣು ಮುಚ್ಚಿ ಕೇಳಲಿ. ಪ್ರತಿ ಸಲ ಯಾವುದನ್ನು ಹಾಕಬೇಕೆಂಬುದನ್ನು ತಾಯಿ ನಾಣ್ಯ ಚಿಮ್ಮಿ ನಿರ್ಧರಿಸಲಿ. ಹತ್ತಕ್ಕೆ ಹತ್ತೂ ಬರೀ ಊಹೆಯಿಂದ ಸರಿಯಾಗುವ ಸಂಭವ 1,024ರಲ್ಲಿ ಒಂದು. ಐದೋ ಆರೋ ಸರಿಯಾದರೆ ಅದಕ್ಕೆ ಊಹೆಯೇ ಸಾಕು. ಎರಡು ಪರಿವರ್ತಕಗಳನ್ನೂ ಹೀಗೆಯೇ ಹೋಲಿಸಬಹುದು. ಆದರೆ ಎರಡರ ಸದ್ದೂ ಸಮನಾಗಿರಬೇಕು; ಏಕೆಂದರೆ ತುಸು ಜೋರಾದದ್ದೇ ಕಿವಿಗೆ ಚೆನ್ನೆನಿಸುತ್ತದೆ.

ಅಪಾಯ ಅಡಗಿರುವುದೂ ಈ ಜೋರಿನಲ್ಲಿಯೇ. ಶಕ್ತಿಯುತ ಪರಿವರ್ತಕ ಫೋನಿಗಿಂತ ಹೆಚ್ಚು ಸದ್ದು ಹೊರಡಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಮಿತಿ. ಮಕ್ಕಳಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಕಾಲಮಿತಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಆದ್ದರಿಂದ ಖರ್ಚಿನ ಕ್ರಮ ಹೀಗಿರಲಿ: ಮೊದಲು ಒಳ್ಳೆಯ ಮುದ್ರಣ, ಆಮೇಲೆ ಒಳ್ಳೆಯ ಇಯರ್‌ಫೋನ್, ಕೊನೆಗೆ ಪರಿವರ್ತಕ. ಕೆಟ್ಟ ಚಿಪ್ಪನ್ನು ಬದಲಿಸಬಹುದು. ಕಿವಿಗೆ ಆ ಅನುಕೂಲವಿಲ್ಲ.