ಬಾಯಿಪಾಠದ ಪ್ರಬಂಧ

ಕಳೆದ ಏಪ್ರಿಲ್ ತಿಂಗಳಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು ಮೇ ತಿಂಗಳ ಎ.ಪಿ. ಇಂಗ್ಲಿಷ್ ಭಾಷಾ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. "ತಾತ, ನೀವೂ ಇಂಗ್ಲಿಷ್ ಮೇಷ್ಟ್ರಲ್ಲವೇ, ಇದನ್ನು ನೋಡಿ" ಎಂದು ತನ್ನ ಟಿಪ್ಪಣಿಗಳನ್ನು ಮುಂದಿಟ್ಟಳು.

ನೋಡಿದೆ, ಬೆರಗಾದೆ. ಆ ಪರೀಕ್ಷೆಯಲ್ಲಿ 2 ಗಂಟೆ 15 ನಿಮಿಷಗಳಲ್ಲಿ 3 ಪ್ರಬಂಧಗಳು. ಒಂದರಲ್ಲಿ ಕೊಟ್ಟ ಆಧಾರಗಳನ್ನು ತೂಗಿ ನಿಲುವು ಕಟ್ಟಬೇಕು; ಇನ್ನೊಂದರಲ್ಲಿ ಲೇಖಕನೊಬ್ಬ ಓದುಗರನ್ನು ಹೇಗೆ ಒಲಿಸಿಕೊಳ್ಳುತ್ತಾನೆಂದು ಬಿಡಿಸಿ ತೋರಿಸಬೇಕು; ಮತ್ತೊಂದರಲ್ಲಿ ಸ್ವಂತ ವಾದ ಮಂಡಿಸಬೇಕು. ಪ್ರತಿ ಪ್ರಬಂಧಕ್ಕೆ 6 ಅಂಕ: ಪ್ರತಿಪಾದನೆಗೆ 1, ಆಧಾರ ಮತ್ತು ವಿವರಣೆಗೆ 4, ವಿಚಾರದ ಪ್ರೌಢತೆಗೆ 1. ಪರ ವಹಿಸಿದರೂ ವಿರೋಧ ವಹಿಸಿದರೂ ಅಂಕ ಹೋಗದು, ಆಧಾರವಿಲ್ಲದಿದ್ದರೆ ಹೋಗುತ್ತದೆ. ಅಲ್ಲಿಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ತರ್ಕದೋಷಗಳ ಲ್ಯಾಟಿನ್ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಅವಳೂ ಉರು ಹೊಡೆಯುತ್ತಿದ್ದಳು. ಆದರೆ ಹೆಸರು ಒಪ್ಪಿಸಿದ ಮಾತ್ರಕ್ಕೆ ಅಲ್ಲಿ ಪ್ರಬಂಧ ತೇರ್ಗಡೆಯಾಗುವುದಿಲ್ಲ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಬಿ.ಎಡ್. ಪದವಿ ಪಡೆದು ಮೂರು ದಶಕಗಳಿಗೂ ಮಿಕ್ಕು ಪಾಠ ಹೇಳಿದ ನಾನು ಪ್ರಬಂಧ ಕಲಿಸಲಿಲ್ಲ, ಬರೆಸಿದೆ. ವರ್ಷಕ್ಕೆ ಹತ್ತು ಪ್ರಬಂಧಗಳ ಉಕ್ತಲೇಖನ. ಪರೀಕ್ಷೆಯಲ್ಲಿ ಅವುಗಳದೇ ಯಥಾಪ್ರತಿ. 1988ರ ಸುಮಾರಿಗೆ 'ದೂರದರ್ಶನದ ಉಪಯೋಗಗಳು' ಎಂಬ ವಿಷಯ ಕೊಟ್ಟಿದ್ದೆ. ಹುಡುಗನೊಬ್ಬ ತನ್ನ ಮುರುಕು ಇಂಗ್ಲಿಷಿನಲ್ಲಿ ಹೀಗೆ ಬರೆದ: ನಮ್ಮ ಮನೆಯಲ್ಲಿ ಟಿ.ವಿ. ಇಲ್ಲ, ಪಕ್ಕದ ಮನೆಯ ಕಿಟಕಿಯಿಂದ ನೋಡುತ್ತೇನೆ, ಅವರು ಕಿಟಕಿ ಮುಚ್ಚುತ್ತಾರೆ. ಆದ್ದರಿಂದ ಅದರ ಉಪಯೋಗ ಎಲ್ಲರಿಗೂ ಅಲ್ಲ. ಪ್ರತಿಜ್ಞೆ, ಹೇತು, ಉದಾಹರಣೆ ಎಲ್ಲವೂ ಅದರಲ್ಲಿದ್ದವು. ನಾನು ಕೊಟ್ಟದ್ದು ಹತ್ತಕ್ಕೆ ಎರಡು. ಮುಂದಿನ ಪರೀಕ್ಷೆಯಲ್ಲಿ ಅವನು ನಾನು ಬರೆಸಿದ್ದನ್ನೇ ಬರೆದು ಏಳು ಪಡೆದ. ಅವನು ಕಲಿತದ್ದೇನೆಂದು ಓದುಗರೇ ಊಹಿಸಲಿ.

"ತರ್ಕವೆಲ್ಲ ನಮ್ಮಲ್ಲಿ ಮೊದಲೇ ಇತ್ತು" ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಇತ್ತು, ನಿಜ. ನ್ಯಾಯಶಾಸ್ತ್ರ ಐದು ಹೇತ್ವಾಭಾಸಗಳನ್ನು ಎಣಿಸಿತು. ಸಾಧಿಸಬೇಕಾದುದನ್ನೇ ಕಾರಣವಾಗಿ ಹೇಳುವುದು ಸಾಧ್ಯಸಮಕ್ಕೆ ಹತ್ತಿರದ ದೋಷ: ಈ ಪತ್ರಿಕೆ ಸತ್ಯವನ್ನೇ ಬರೆಯುತ್ತದೆ, ಏಕೆಂದರೆ ಇದು ಪ್ರಾಮಾಣಿಕ ಪತ್ರಿಕೆ! 'ನವಕಂಬಳ' ಎಂದರೆ ಹೊಸ ಕಂಬಳಿ, ಅದನ್ನೇ ಒಂಬತ್ತು ಕಂಬಳಿಯೆಂದು ತಿರುಚಿ "ಎಲ್ಲಿವೆ ಒಂಬತ್ತು?" ಎಂದು ಕೇಳುವುದು ಛಲ. ಆದರೆ ಇದ್ದರೇನು? ಮಕ್ಕಳಿಗೆ ಕಲಿಸಿದೆವೇ? ಹಳೆಯದು ಎಂಬ ಒಂದೇ ಕಾರಣಕ್ಕೆ ಹಿರಿದೆನ್ನುವುದೂ ತರ್ಕದೋಷವೇ ಅಲ್ಲವೇ?

"ನೆಟ್ಟಗೆ ಒಂದು ವಾಕ್ಯ ಬರೆಯಲಾರದ ಮಕ್ಕಳಿಗೆ ತರ್ಕವೇ? ಫಲಿತಾಂಶ ಕುಸಿದರೆ ನೋಟಿಸು ಬರುವುದು ನಮಗೆ" ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಎರಡನೆಯ ಮಾತು ನಿಜ. ಆ ಭಯ ನನಗೂ ಇತ್ತು. ಮೊದಲನೆಯದು ಸುಳ್ಳು. ಭಾಷೆ ಬಾರದಿರುವುದು ಬೇರೆ, ಬುದ್ಧಿ ಇಲ್ಲದಿರುವುದು ಬೇರೆ. ಕಿಟಕಿಯ ಹುಡುಗನಲ್ಲಿ ಕೊರತೆಯಿದ್ದದ್ದು ವ್ಯಾಕರಣಕ್ಕೆ, ವಿಚಾರಕ್ಕಲ್ಲ. ಬರೆಸಿದ್ದನ್ನೇ ಬರೆದು ಬೆಳೆದವರು ಇಂದು ಮೊಬೈಲಿಗೆ ಬಂದ ಮಾತನ್ನೆಲ್ಲ ಮರುಯೋಚನೆಯಿಲ್ಲದೆ ಹತ್ತು ಜನರಿಗೆ ದಾಟಿಸಿದರೆ, ಅವರನ್ನು ಬೈಯುವ ಅಧಿಕಾರ ನಮಗಿದೆಯೇ?

ಸೇವೆಯಲ್ಲಿರುವ ಕಿರಿಯ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ವಾರಕ್ಕೊಂದು ಅವಧಿಯಲ್ಲಿ ಮಕ್ಕಳು ಒಂದು ವಿಷಯವನ್ನು ಮೊದಲು ಕನ್ನಡದಲ್ಲಿ ವಾದಿಸಲಿ. "ಏಕೆ?" ಎಂದು ಒಬ್ಬರನ್ನೊಬ್ಬರು ಕೇಳಲಿ. ಆಮೇಲೆ ಅದನ್ನೇ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆಯಲಿ. ಕೆಂಪು ಶಾಯಿಯಿಂದ ಕಾಗುಣಿತ ತಿದ್ದುವ ಮೊದಲು, ಮಗು ಹೇಳಹೊರಟದ್ದೇನೆಂದು ಒಮ್ಮೆ ಓದಿರಿ. ನಾನು ಅಂದು ಓದಲಿಲ್ಲ.